ಚೌಕಾಸಿ ಮಾಡದೆ ಕೊಂಡ ಪಂಚೆ

ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಟ್ಟೆ ಮಡಚುತ್ತಿದ್ದೆ. ಅವಳ ತವರು ಭದ್ರಾವತಿ, ಮನೆಮಾತು ತಮಿಳು. ಕನ್ನಡ ಚೆನ್ನಾಗಿ ಆಡ್ತಾಳೆ, ನಮ್ಮ ಬೀರುವಿನ ಮುಂದೆ ಮಾತ್ರ ತಬ್ಬಿಬ್ಬು. ಶಲ್ಯ ಪೂಜೆಗೆ ಹೆಗಲ ಮೇಲೆ ಹಾಕೋದು, ಶಾಲು ಚಳಿಗೆ ಹೊದೆಯೋದು. ಪಂಚೆ ಉಡೋದು, ಪಾಣಿಪಂಚೆ ಮೈ ಒರೆಸೋದು ಅಂತ ಹೇಳಿಕೊಡುತ್ತಿದ್ದೆ.

"ಇಷ್ಟು ಹೆಸರಿಟ್ಟವರು ಇಸ್ತ್ರಿಗೂ ಒಬ್ಬರನ್ನ ಇಟ್ಟಿದ್ರೆ ಚೆನ್ನಾಗಿತ್ತು, ಅತ್ತೆ" ಅಂದಳು.

ಅಷ್ಟರಲ್ಲಿ ನನ್ನ ತಮ್ಮನ ಹೆಂಡತಿಯ ಫೋನ್ ಬಂತು. ಭದ್ರಾವತಿಯಲ್ಲಿ ಬೆಳಗಿನ ಜಾವ ತಮ್ಮನಿಗೆ ಎದೆನೋವು ಬಂದು, ಇಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ತಂದಿದ್ದರು. ಆಪರೇಷನ್‌ಗೆ ಒಳಗೆ ಕರೆದೊಯ್ದಾಗಿತ್ತು.

"ಉಟ್ಟ ಬಟ್ಟೇಲೇ ಬಂದ್ವಿ ಅಕ್ಕ. ಒಂದು ಶಾಲು, ಒಂದು ಪಂಚೆ ತನ್ನಿ."

ಅವಳು ಅಳಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಶಾಲು ಮನೆಯಲ್ಲಿತ್ತು. ಪಂಚೆಗಳೆಲ್ಲ ಹಳೆಯವು. ಗೋಪಾಳದ ನಮ್ಮ ಮನೆಯಿಂದ ಸೊಸೆ ಜೊತೆ ಹೊರಟವಳು ದಾರಿಯಲ್ಲಿ ಬಟ್ಟೆ ಅಂಗಡಿ ಮುಂದೆ ಆಟೊ ನಿಲ್ಲಿಸಿದೆ.

"ಒಂದು ಬಿಳಿ ಪಂಚೆ, ಬೇಗ ಕೊಡಿ."

"ಯಾವ ಅಂಚಿಂದು?"

"ಯಾವುದಾದ್ರೂ ಆಗುತ್ತೆ."

ಅಂಗಡಿಯವರು ನನ್ನ ಮುಖ ನೋಡಿ ದನಿ ತಗ್ಗಿಸಿದರು. ಹೇಳಿದಷ್ಟು ಕೊಟ್ಟೆ. ಪೇಪರಿನಲ್ಲಿ ಸುತ್ತಿ ಮಾತಿಲ್ಲದೆ ಕೈಗಿಟ್ಟರು.

ಆಟೊ ಸರ್ಕಲ್ ದಾಟುವಾಗ ನನಗೆ ಹೊಳೆಯಿತು. ಸಾವಿನ ಮನೆಗೆ ಬಟ್ಟೆ ಕೊಳ್ಳುವವರು ಅಂಚು ನೋಡಲ್ಲ, ಚೌಕಾಸಿ ಮಾಡಲ್ಲ. ಅಂಗಡಿಯವರೂ 'ಹೋಗಿ ಬನ್ನಿ' ಅನ್ನಲ್ಲ. ಉಸಿರಾಡುತ್ತಿರುವ ತಮ್ಮನಿಗೆ ನಾನು ಹಾಗೇ ಕೊಂಡಿದ್ದೆ. ತೊಡೆಯ ಮೇಲಿನ ಪೊಟ್ಟಣ ಮುಟ್ಟೋಕೂ ಕೈ ಬರಲಿಲ್ಲ.

"ಆಟೊ ತಿರುಗಿಸಪ್ಪ."

"ಲೇಟಾಗುತ್ತೆ ಅತ್ತೆ" ಅಂದಳು ಸೊಸೆ.

"ಆಗಲಿ."

ಪೊಟ್ಟಣವನ್ನು ಅಂಗಡಿಯ ಕಟ್ಟೆಯ ಮೇಲಿಟ್ಟೆ. "ಇದು ಬೇಡ. ನನ್ನ ತಮ್ಮ ಉಡೋಕೆ, ಹಸಿರಂಚಿಂದು ಕೊಡಿ. ಇಪ್ಪತ್ತು ರೂಪಾಯಿ ಕಮ್ಮಿ ಮಾಡ್ಕೊಳ್ಳಿ."

ಅವರಿಗೆ ಅರ್ಥವಾಯಿತು. "ಹತ್ತು ಬಿಡ್ತೀನಿ ತಾಯಿ, ಅದಕ್ಕಿಂತ ಗಿಟ್ಟಲ್ಲ."

"ಹದಿನೈದು."

"ಬೆಳಬೆಳಿಗ್ಗೆ ಜೀವ ತಿಂತೀರಲ್ಲ."

ನನಗೆ ಕಣ್ಣು ತುಂಬಿದ್ದರೂ ಅವರು ಪಟ್ಟು ಬಿಡಲಿಲ್ಲ. ಪುಣ್ಯಾತ್ಮ, ಬೇಕೆಂದೇ ಬಿಡಲಿಲ್ಲ. ಕೊನೆಗೆ ಕವರಿನಲ್ಲಿ ಹಾಕಿ, "ಹೋಗಿ ಬನ್ನಿ. ಹಬ್ಬಕ್ಕೆ ಅವರನ್ನೂ ಕರ್ಕೊಂಡು ಬನ್ನಿ" ಅಂದರು.

ಸಂಜೆ ಆಪರೇಷನ್ ಮುಗಿಸಿ ತಮ್ಮನನ್ನು ಐಸಿಯುಗೆ ತಂದರು. ಎರಡು ದಿನ ಏನೂ ಹೇಳೋಕಾಗಲ್ಲ ಅಂದರು ಡಾಕ್ಟರು. ಪಂಚೆ ಈಗಲೇ ಬೇಡ ಅಂತ ನರ್ಸ್ ವಾಪಸ್ ಕೊಟ್ಟರು. ಕವರಿನ ಸಮೇತ ಮಡಿಲಲ್ಲಿಟ್ಟುಕೊಂಡು ಕೂತೆ. ಗಾಜಿನಾಚೆ ಅವನ ಕಾಲ್ಬೆರಳು ಒಮ್ಮೆ ಅಲ್ಲಾಡಿತು. ಸೊಸೆಯೂ ನೋಡಿದಳಂತೆ. ಇವತ್ತಿಗೆ ಭಗವಂತ ಇಷ್ಟು ಕೊಟ್ಟ.

ತಮ್ಮನ ಹೆಂಡತಿ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅವಳ ಜೊತೆ ಸೊಸೆಯನ್ನು ಬಿಟ್ಟು ಮನೆಗೆ ಬಂದು, ಗಂಜಿಗೆ ಅಕ್ಕಿ ತೊಳೆದೆ.