ಎರಡನೇ ಫೋನಿನ ಶಿಷ್ಯೆ

ಆನ್‌ಲೈನ್‌ನಲ್ಲಿ ಹೊಲಿಗೆ ಕೋರ್ಸ್ ನಡೆಸುವ ಟೀಚರಮ್ಮನಿಗೆ ಕೋರ್ಸಿನ ವಾಟ್ಸಾಪ್ ಗುಂಪು ಮೌನವಾದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಮುನ್ನೂರು ಜನ ಪಾಠ ನೋಡಿ ತುಟಿಪಿಟಕ್ಕೆನ್ನದೆ ಕೂತರೆ, ಎರಡನೇ ಫೋನಿನಿಂದ ‘ಹೊಸ ಶಿಷ್ಯೆ’ ಎಂಬ ಹೆಸರಲ್ಲಿ ತಾವೇ ಪೆದ್ದು ಪ್ರಶ್ನೆ ಹಾಕುತ್ತಾರೆ: “ಟೀಚರ್, ಮೆಷಿನ್ ಸೂಜಿಗೆ ದಾರ ಯಾವ ಕಡೆಯಿಂದ ಪೋಣಿಸ್ಬೇಕು?” ಮೊದಲ ಫೋನಿನಿಂದ ತಾವೇ, “ಒಳ್ಳೇ ಪ್ರಶ್ನೆ ಕಣಮ್ಮ!” ಎಂದು ಬೆನ್ನು ತಟ್ಟುತ್ತಾರೆ. ಆಮೇಲೆ ನೋಡಿ, ನಾಚಿಕೊಂಡು ಕೂತಿದ್ದವರೆಲ್ಲ ಬಾಯಿ ಬಿಡುತ್ತಾರೆ. “ಇದೇನಕ್ಕಾ ನಿನ್ನ ಹುಚ್ಚು?” ಎಂದು ತಂಗಿ ನಕ್ಕರೆ, “ಯಾರಾದ್ರೂ ಒಬ್ರು ಮೊದಲು ಪೆದ್ದಾಗ್ಬೇಕು ಕಣೇ” ಎನ್ನುತ್ತಾರೆ. ಮೊನ್ನೆ ಟೀಚರಮ್ಮ ಬಲಗೈಯನ್ನು ಮಡಿಲಲ್ಲಿ ಅದುಮಿಟ್ಟು, ಎರಡನೇ ಫೋನಿನಲ್ಲಿ ಎಡಗೈಯಿಂದಲೇ ಅಕ್ಷರ ಒತ್ತಿ, ಶಿಷ್ಯೆಯ ಹೆಸರಲ್ಲಿ ಕೇಳಿದರು: “ಕೈ ನಡುಗೋಕೆ ಶುರುವಾಗಿದೆ. ಇನ್ಮೇಲೂ ಹೊಲಿಯೋಕಾಗುತ್ತಾ?” ನಲವತ್ತು ಜನ “ಹೆದರ್ಬೇಡ, ನಾವಿದ್ದೀವಿ” ಎಂದರು. ಮೊದಲ ಫೋನು ಮಾತ್ರ ಸುಮ್ಮನೇ ಇತ್ತು.