ಸೀಟಿ ಯಾರ ಕೈಗೆ

ನನ್ನ ಗಂಡನನ್ನು ಮಣ್ಣು ಮಾಡಿ ಬಂದ ಮರುದಿನವೇ ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಅವರ ಜಾಗಕ್ಕೆ ಯಾರು ಬರಬೇಕು ಎಂಬ ಮಾತು ಶುರುವಾಯಿತು. ಅವರು ಸುರಪುರದಲ್ಲಿ ಪೋಸ್ಟ್‌ಮನ್ ಆಗಿದ್ದರು. ಆದರೆ ಊರಿಗೆ ಅವರು ಗೊತ್ತಿದ್ದದ್ದು ಹಾಕಿ ತಂಡದ ಕೋಚ್ ಎಂದು. ಬೆಳಿಗ್ಗೆ ಕೊರಳಿಗೆ ಸೀಟಿ ಹಾಕಿಕೊಂಡು ಮೈದಾನದಲ್ಲಿ ಹುಡುಗರನ್ನು ಆಡಿಸಿ, ಮನೆಗೆ ಬಂದು ಸ್ನಾನ ಮಾಡಿ, ಆಮೇಲೆ ಚೀಲ ಹೆಗಲಿಗೆ ಹಾಕುತ್ತಿದ್ದರು.

ಮಾತಾಡಿಸಲು ಬಂದವರು ಬಹಳ. ಹೆಚ್ಚಿನವರು ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಮೂವರು ಮಾತ್ರ ದಿನಾ ಬಂದು ಕೂತರು. ಒಬ್ಬರು ನಿವೃತ್ತ ಬಸ್ ಕಂಡಕ್ಟರ್, ನನ್ನ ಗಂಡನ ಬಾಲ್ಯದ ಗೆಳೆಯ; ನನ್ನನ್ನು ಅತ್ತಿಗೆ ಎಂದೇ ಬಗೆದು ವೈನಿ ಅನ್ನುತ್ತಿದ್ದರು. ಇನ್ನೊಬ್ಬ ಟೇಲರ್. ಮತ್ತೊಬ್ಬ ವೆಲ್ಡಿಂಗ್ ಅಂಗಡಿಯವನು. ಮೂವರಲ್ಲಿ ಯಾರೂ ಒಂದು ದಿನವೂ ಸ್ಟಿಕ್ ಹಿಡಿದವರಲ್ಲ. ಆದರೂ ಶಹಾಪುರದಲ್ಲಿ ಆಟವಿರಲಿ, ಯಾದಗಿರಿಯಲ್ಲಿರಲಿ, ಟೆಂಪೋದ ಹಿಂದೆ ನಿಂತುಕೊಂಡಾದರೂ ಹೋಗುತ್ತಿದ್ದರು. ನಾನು ಒಳಗೆ ಕಿಟಕಿಯ ಕೆಳಗೆ ಗೋಡೆಗೆ ಒರಗಿ ಕೂತಿರುತ್ತಿದ್ದೆ. ಅವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಶಹಾಪುರದ ಪಿಟಿ ಮಾಸ್ತರನ್ನ ಕರಸೂಣು," ಅಂದ ಟೇಲರ್. "ಪಂಜಾಬಕ್ಕ ಹೋಗಿ ಟ್ರೇನಿಂಗ್ ಮಾಡಿ ಬಂದಾನ."

"ಆ ಟ್ರೇನಿಂಗ್ ಮಾಡಿದ ತಂಡ ಹ್ವಾದ ವರ್ಷ ನಮ್ಮ ಕೈಯಾಗ ಐದು ಗೋಲು ತಿಂತಲ್ಲೋ," ಅಂದ ವೆಲ್ಡಿಂಗಿನವನು.

"ಅದು ಹುಡುಗರ ತಪ್ಪು. ಮಾಸ್ತರ ಏನ್ ಮಾಡ್ತಾನ?"

"ಗೆದ್ರ ಮಾಸ್ತರಂದು, ಸೋತ್ರ ಹುಡುಗರದು. ನಿನ್ನ ಹೊಲಿಗಿನೂ ಹಂಗ ಐತಿ ಬಿಡು. ಅಂಗಿ ಬಿಗಿ ಆತಂದ್ರ ಗಿರಾಕಿ ದಪ್ಪ ಆಗ್ಯಾನ ಅಂತಿ."

"ಹಂಗಾರ ನೀನ ಹೇಳು, ಯಾರನ್ನ ತರ್ತಿ?"

"ಯಾದಗಿರಿ ರೈಲ್ವೆಯಾಂವ. ಹೊರಗಿನ ರಾಜ್ಯದಾಗೆಲ್ಲ ಆಡಿ ಬಂದಾನ."

"ಆಡಿದ್ದು ಯಾವ ಕಾಲದಾಗೋ? ಈಗ ಗೋಲಿನ ಮುಂದ ಅವನ ಹೊಟ್ಟಿ ಮೊದಲು ಬರ್ತೈತಿ, ಅಂವ ಆಮ್ಯಾಲ ಬರ್ತಾನ."

ಮೂವರೂ ನಕ್ಕರು. ಒಳಗೆ ನಾನಿರುವುದು ನೆನಪಾಗಿ ತಟ್ಟನೆ ನಿಲ್ಲಿಸಿದರು. ಟೇಲರ್ ದನಿ ಇಳಿಸಿ, "ರಂಗಂಪೇಟಿ ಪಂಚರ್ ಅಂಗಡಿಯಾಂವ ಅದಾನಲ್ಲ..." ಅಂದ.

"ಅವನ ಸುದ್ದಿ ಈ ಮನಿ ಮುಂದ ತಗೀಬ್ಯಾಡ," ಅಂದರು ಕಂಡಕ್ಟರ್.

ಆ ಪಂಚರ್ ಅಂಗಡಿಯವನು ನಮ್ಮ ತಂಡದ ಹಳೆಯ ಗೋಲ್‌ಕೀಪರ್. ಆಡುವುದು ಬಿಟ್ಟ ಮೇಲೆ ನನ್ನ ಗಂಡನ ಜೊತೆಗೇ ನಿಂತು ಹುಡುಗರಿಗೆ ಕಲಿಸುತ್ತಿದ್ದ. ನಮ್ಮ ಮನೆಯಲ್ಲಿ ಅವನು ಉಂಡ ಊಟಕ್ಕೆ ಲೆಕ್ಕವಿಲ್ಲ. ಯಾದಗಿರಿಯಲ್ಲಿ ಆಡಿದ ಕಡೆಯ ಫೈನಲ್‌ನಲ್ಲಿ ನಾವು ಒಂದು ಗೋಲು ಮುಂದಿದ್ದೆವು. ಇನ್ನು ಸ್ವಲ್ಪವೇ ಸಮಯ ಉಳಿದಿತ್ತು. ನನ್ನ ಗಂಡ ಎಲ್ಲರನ್ನೂ ಮುಂದಕ್ಕೆ ಕಳಿಸಿದರು. ಇಬ್ಬರನ್ನಾದರೂ ಹಿಂದೆ ನಿಲ್ಲಿಸಿರಿ ಎಂದು ಅವನು ಎರಡು ಸಲ ಬಂದು ಹೇಳಿದನಂತೆ. ಇವರು ಕೇಳಲಿಲ್ಲ. ಎದುರಿನವರು ಎರಡು ಗೋಲು ಹೊಡೆದು ಗೆದ್ದರು. ಆಮೇಲೆ ಬಸ್ ನಿಲ್ದಾಣದಲ್ಲಿ ಎಲ್ಲರ ಎದುರಿಗೆ ಅವನು ಅಂದನಂತೆ: "ಸರ್, ನಿಮಗ ಈಗ ಆಟ ಕಾಣವಲ್ದು. ಸೀಟಿ ಕೆಳಗ ಇಡ್ರಿ."

ಅವತ್ತು ಮನೆಗೆ ಬಂದವರೇ ಸೀಟಿಯನ್ನು ಬಾಗಿಲ ಪಕ್ಕದ ಮೊಳೆಗೆ ಹಾಕಿದರು. ಊಟ ಮಾಡಲಿಲ್ಲ. ಅವತ್ತಿನಿಂದ ಅವರಿಬ್ಬರಿಗೂ ಮಾತು ನಿಂತಿತು. ಒಂದೂವರೆ ತಿಂಗಳಿಗೆ ಇವರ ಎದೆಯಲ್ಲಿ ನೋವು ಕಾಣಿಸಿತು.

ಮಧ್ಯಾಹ್ನ ಆಂಬುಲೆನ್ಸ್‌ನಲ್ಲಿ ಕಲಬುರಗಿಗೆ ಹೊರಟೆವು. ಶಹಾಪುರದ ಗುಡ್ಡ ದಾಟಿದ ಮೇಲೆ ಇವರು ಕಣ್ಣು ತೆರೆದರು. ದನಿ ಸಣ್ಣದಾಗಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು. "ಅಂವ ಅಂದಿದ್ದು ಖರೇನ. ಅವತ್ತು ನನಗ ಆಟ ಕಾಣಲಿಲ್ಲ. ಸೀಟಿ ಅವನ ಕೈಯಾಗ ಕೊಡು."

"ಮಾತಾಡಬ್ಯಾಡ್ರಿ, ಸುಮ್ನ ಮಲಕೊಳ್ರಿ," ಅಂದೆ ನಾನು. ಅವರು ಮತ್ತೆ ಮಾತಾಡಲಿಲ್ಲ. ಜೇವರ್ಗಿ ಬರುವುದರೊಳಗೆ ಹೋಗಿಬಿಟ್ಟಿದ್ದರು.

ನಮ್ಮ ಮಂದಿಯಲ್ಲಿ ಒಂದು ಪದ್ಧತಿ ಇದೆ. ಸತ್ತವರ ಜೊತೆ ಮಾತು ಬಿಟ್ಟಿದ್ದವರು ತಾವಾಗಿಯೇ ಬಂದು ಗುಂಡಿಗೆ ಮಣ್ಣು ಹಾಕುವಂತಿಲ್ಲ. ಮನೆಯವರು ಹೆಸರು ಹಿಡಿದು ಕರೆಯಬೇಕು. ಕರೆದರೆ ಅಲ್ಲಿಗೆ ಜಗಳ ಮುಗಿಯಿತು. ನಮ್ಮಲ್ಲಿ ಹೆಂಗಸರೂ ಮಣ್ಣಿಗೆ ಹೋಗುತ್ತೇವೆ. ಅವತ್ತು ಗುಂಡಿಯ ಬದಿಯಲ್ಲಿ ನಿಂತು ನೋಡಿದೆ. ಪಂಚರ್ ಅಂಗಡಿಯವನು ದೂರದಲ್ಲಿ ಬೇವಿನ ಗಿಡದ ಕೆಳಗೆ ಚಪ್ಪಲಿ ಬಿಟ್ಟು ನಿಂತಿದ್ದ. ಚಪ್ಪಲಿ ಬಿಟ್ಟಿದ್ದನೆಂದರೆ ಕರೆಗೆ ಕಾಯುತ್ತಿದ್ದಾನೆ ಎಂದೇ ಅರ್ಥ. ನಮ್ಮ ಮಾವನ ತಮ್ಮ ನನ್ನ ಕಡೆ ಬಾಗಿ, "ಕರೀಲೇನವ್ವಾ?" ಎಂದು ಕೇಳಿದರು. ನಾನು ಬೇಡವೆಂದು ತಲೆ ಆಡಿಸಿದೆ. ಇವನ ಮಾತೇ ನನ್ನ ಗಂಡನನ್ನು ಕೊಂದದ್ದು ಎಂಬುದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು.

ಐದನೆಯ ದಿನ ಕಂಡಕ್ಟರ್ ಬಾಗಿಲ ತನಕ ಬಂದು ನಿಂತರು. "ವೈನಿ, ನಮ್ಮ ಮೂರು ಮಂದಿಯಾಗ ಒಂದು ಮಾತಿಗೆ ಮೂರು ದಾರಿ ಆಗ್ಯಾವ. ಅಂವ ಹೋಗೂ ಮುಂದ ಏನರ ಹೇಳಿದ್ನೇನ್ರಿ? ಅವನು ಯಾರ ಹೆಸರು ಹೇಳ್ಯಾನೋ ಅವರ ಕೋಚ್. ಟೀಮಿನ ಕಮಿಟಿಯವರಿಗೂ ನಾ ಹೇಳೀನಿ."

ಸೀಟಿ ಅವರ ತಲೆಯ ಪಕ್ಕದಲ್ಲೇ ಮೊಳೆಗೆ ತೂಗುತ್ತಿತ್ತು.

"ಏನೂ ಹೇಳಲಿಲ್ಲರಿ," ಅಂದೆ.

ಶಹಾಪುರದ ಪಿಟಿ ಮಾಸ್ತರರು ಬಂದರು. ಒಳ್ಳೆಯವರೇ. ಆದರೆ ಶಹಾಪುರದ ಬಸ್ಸು ಹಿಡಿದು ಅವರು ಮೈದಾನ ಮುಟ್ಟುವಷ್ಟರಲ್ಲಿ ಬಿಸಿಲು ಏರಿರುತ್ತಿತ್ತು. ಹುಡುಗರು ಕಾದು ಕಾದು ಒಬ್ಬೊಬ್ಬರೇ ಬರುವುದು ಬಿಟ್ಟರು. ನಾನು ಕೆಲಸಕ್ಕೆಂದು ಅಂಗನವಾಡಿಗೆ ಹೋಗುವ ದಾರಿಯಲ್ಲೇ ಮೈದಾನ. ಗೋಲಿನ ಬಲೆ ಹರಿದು ಜೋತುಬಿದ್ದಿತ್ತು. ಹನ್ನೊಂದು ಜನ ಕೂಡದೆ ಒಂದು ಟೂರ್ನಮೆಂಟಿಗೆ ನಮ್ಮ ತಂಡ ಹೋಗಲೇ ಇಲ್ಲ. ಅದನ್ನೆಲ್ಲ ನೋಡಿಕೊಂಡೇ ನಾನು ದಿನಾ ಹೋಗಿ ಬಂದೆ. ಒಂದು ಮಾತು ಆಡಿದ್ದರೆ ಸಾಕಿತ್ತು ಎಂದು ಗೊತ್ತಿತ್ತು. ಆಡಲಿಲ್ಲ.

ಇವರು ಹೋಗಿ ವರ್ಷ ತುಂಬುವ ದಿನ ಹತ್ತಿರ ಬಂದಾಗ ಮಾಸ್ತರರು ಇನ್ನು ತಮ್ಮಿಂದ ಆಗುವುದಿಲ್ಲ ಎಂದು ಬಿಟ್ಟುಕೊಟ್ಟರು. ಮೂವರೂ ಮತ್ತೆ ನಮ್ಮ ಕಟ್ಟೆಗೆ ಬಂದು ಕೂತರು.

"ನಿನ್ನ ಪಂಜಾಬ್ ಟ್ರೇನಿಂಗ್ ನೋಡಿದ್ವಿ," ಅಂದ ವೆಲ್ಡಿಂಗಿನವನು. "ಇನ್ನ ಆ ಹೊಟ್ಟಿಯಾಂವನ ಗತಿ."

"ಏನರ ಮಾಡ್ಕೊಳ್ರಿ," ಅಂದ ಟೇಲರ್. "ಸರ್ ಹೋಗೂ ಮುಂದ ಒಂದು ಮಾತು ಹೇಳಿ ಹೋಗಿದ್ರ ಇಷ್ಟು ಹಾಳು ಆಗ್ತಿದ್ದಿಲ್ಲ."

ನಾನು ಚಹಾದ ತಟ್ಟೆ ಹಿಡಿದು ಹೊರಗೆ ಬಂದಿದ್ದೆ. ತಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟು, "ಹೇಳಿದ್ರು," ಅಂದೆ. "ರಂಗಂಪೇಟಿಯಾಂವನ ಕೈಯಾಗ ಸೀಟಿ ಕೊಡು ಅಂದಿದ್ರು. ನಾನ ಮುಚ್ಚಿಟ್ಟೆ."

ಯಾರೂ ಚಹಾ ಮುಟ್ಟಲಿಲ್ಲ. ಕಂಡಕ್ಟರ್ ನನ್ನ ಮುಖ ನೋಡಿದರು. "ನಾ ಬಾಗಿಲದಾಗ ನಿಂತು ಕೇಳಿದ್ನಲ್ರಿ ವೈನಿ," ಅಂದರು ಮೆಲ್ಲಗೆ. ಆಮೇಲೆ ಎದ್ದು ಹೋದರು. ಉಳಿದಿಬ್ಬರೂ ಅವರ ಹಿಂದೆ ಹೋದರು.

ಮರುದಿನ ಬೆಳಿಗ್ಗೆ ಸೀಟಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ರಂಗಂಪೇಟೆಗೆ ನಡೆದೆ. ಅವನು ಒಂದು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗಾಳಿ ಎಲ್ಲಿ ಹೋಗುತ್ತಿದೆ ಎಂದು ನೋಡುತ್ತಿದ್ದ. ನನ್ನನ್ನು ಕಂಡು ಎದ್ದು, ಕೈ ಒರೆಸಿ, ಸ್ಟೂಲು ಹಾಕಿದ. "ಬರ್ರಿ ಅವ್ವಾರ," ಅಂದ. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ.

"ಸಿಟ್ಟಿನಾಗ ಅಂದ್ರೋ, ಸಮಾಧಾನದಾಗ ಅಂದ್ರೋ?" ಎಂದು ಕೇಳಿದ.

"ಸಮಾಧಾನದಾಗ."

"ಯಾವಾಗ?"

"ಶಹಾಪುರ ದಾಟಿದ ಮ್ಯಾಲ."

ಅವನು ಟ್ಯೂಬನ್ನು ನೀರಿನಿಂದ ತೆಗೆದು ಪಕ್ಕಕ್ಕೆ ಇಟ್ಟ. "ಹಂಗಾರ ಮಣ್ಣಿನ ದಿನ ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ನಾ ಆ ಗಿಡದ ಕೆಳಗ ನಿಂತಿದ್ದೆ."

"ನೋಡಿದ್ದೆ."

"ಒಂದು ವರ್ಷ ಆತು ಅವ್ವಾರ. ನಾನ ಅವರನ್ನ ಕೊಂದೀನಿ ಅಂತ ತಿಳಕೊಂಡು ಅನ್ನ ಉಂಡೀನಿ. ಮೈದಾನದ ಕಡೆ ಕಾಲು ಇಟ್ಟಿಲ್ಲ. ಸ್ಟಿಕ್ ಎಲ್ಲಾ ಒಲಿಗೆ ಹಾಕೀನಿ."

ನಾನು ಕರವಸ್ತ್ರ ಬಿಚ್ಚಿ ಸೀಟಿ ಮುಂದೆ ಹಿಡಿದೆ. ಅವನು ಕೈ ಚಾಚಲಿಲ್ಲ. "ಇದು ಬ್ಯಾಡ್ರಿ. ಆವತ್ತು ಕೊಟ್ಟಿದ್ರ ಕಣ್ಣಿಗೆ ಒತ್ತಿಕೊಂಡು ತಗೋತಿದ್ದೆ. ಈಗ ನನ್ನ ಕೈಲೆ ಆಗೂದಿಲ್ಲ." ಅಷ್ಟು ಹೇಳಿ ಟ್ಯೂಬ್ ಹತ್ತಿರ ಕೂತ. ಒಬ್ಬ ಗಿರಾಕಿ ಸೈಕಲ್ ತಳ್ಳಿಕೊಂಡು ಬಂದ. ನಾನು ಹೊರಡುವಾಗ, "ವರ್ಷದ ದಿನ ಬಾ," ಅಂದೆ. ಅವನು ಆ ಸೈಕಲನ್ನು ತಲೆಕೆಳಗು ಮಾಡಿ ನಿಲ್ಲಿಸತೊಡಗಿದ.

ವರ್ಷದ ದಿನ ನಾವೆಲ್ಲ ಗುಂಡಿಯ ಹತ್ತಿರ ಸೇರಿದಾಗ ಬಂದ. ಅದೇ ಬೇವಿನ ಗಿಡದ ಕೆಳಗೆ ಚಪ್ಪಲಿ ಬಿಟ್ಟು ನಿಂತ. ಈ ಸಲ ನಮ್ಮ ಮಾವನ ತಮ್ಮ ಕೇಳುವ ಮೊದಲೇ ನಾನು ಎಲ್ಲರ ಎದುರಿಗೆ ಗಟ್ಟಿಯಾಗಿ ಅವನ ಹೆಸರು ಹಿಡಿದು ಕರೆದೆ. ಅವನು ಬಂದು ಒಂದು ಹಿಡಿ ಮಣ್ಣು ಹಾಕಿದ. ಗುಂಡಿ ಯಾವಾಗಲೋ ಮುಚ್ಚಿ ಹುಲ್ಲು ಎದ್ದಿತ್ತು. ಮಣ್ಣು ಹುಲ್ಲಿನ ಮೇಲೆಯೇ ಉಳಿಯಿತು. ನನ್ನ ಕಡೆ ನೋಡದೆ ಹೊರಟುಹೋದ.

ಈಗ ಯಾದಗಿರಿಯ ರೈಲ್ವೆಯವರು ಕೋಚ್. ವಾರಕ್ಕೆ ಎರಡು ದಿನ ಬರುತ್ತಾರೆ, ಅವರದೇ ಸೀಟಿ ತರುತ್ತಾರೆ. ನಮ್ಮ ಕಟ್ಟೆಗೆ ಈಗ ಯಾರೂ ಬಂದು ಕೂರುವುದಿಲ್ಲ. ಕಂಡಕ್ಟರ್ ದಾರಿಯಲ್ಲಿ ಸಿಕ್ಕರೆ "ಆರಾಮೇನ್ರಿ" ಅನ್ನುತ್ತಾರೆ. ಮೊದಲಿನ ಹಾಗೆ ವೈನಿ ಅನ್ನುವುದಿಲ್ಲ. ಸೀಟಿ ಮೊಳೆಯ ಮೇಲಿದೆ. ಧೂಳು ಕೂತಾಗ ಒರೆಸಿ ಅಲ್ಲಿಯೇ ಹಾಕುತ್ತೇನೆ.