ಡೋಶಿಯಾ ಎತ್ತಿಕೊಡುತ್ತಿದ್ದ ಹಾಡು

ಮೌಂಟ್ ಪಿಸ್ಗಾ ಚರ್ಚಿನಲ್ಲಿ ಡೋಶಿಯಾ ಮಾಬ್ರಿಯಷ್ಟು ಕುಳ್ಳಗಿನ ಹೆಂಗಸು ಇನ್ನೊಬ್ಬಳಿರಲಿಲ್ಲ. ಅವಳಷ್ಟು ದೊಡ್ಡ ಕಂಠವೂ ಯಾರಿಗೂ ಇರಲಿಲ್ಲ. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಹತ್ತೊಂಬತ್ತರ ವಯಸ್ಸಿನಲ್ಲಿ, ಕರಿಯರಿಗೂ ಓಟು ಬೇಕೆಂದು ಪಾಸ್ಟರ್ ಅಮೋಸ್ ಗ್ಯಾಡ್ಸನ್ ಹೊರಡಿಸಿದ ಮೆರವಣಿಗೆಯಲ್ಲಿ ನಡೆದು ಹನ್ನೊಂದು ದಿನ ಜೈಲಿನಲ್ಲಿದ್ದಳು. ಅಲ್ಲಿ ಅವಳು ಹಳೆಯ ಸ್ತುತಿಗೀತೆಯ ಒಂದೊಂದೇ ಸಾಲು ಎತ್ತಿಕೊಡುವಳು. ಗೋಡೆಯಾಚೆಯಿಂದ ಪಾಸ್ಟರೂ ಗಂಡಸರೂ ಅದನ್ನು ಎಳೆದೆಳೆದು ಹಾಡುವರು. ಅದಕ್ಕೆ ತಾಳವಿಲ್ಲ, ಬರೆದಿಟ್ಟ ಸ್ವರವಿಲ್ಲ. ಉಸಿರು ಇರುವಷ್ಟು ಹೊತ್ತು ಸಾಲು.

ಎರಡು ವರ್ಷದ ಮೇಲೆ ಪಾಸ್ಟರನ್ನು ಯಾರೋ ಗುಂಡಿಕ್ಕಿ ಕೊಂದರು. ಅಂದಿನಿಂದ ಪ್ರತಿ ಮಾರ್ಚ್ ತಿಂಗಳಲ್ಲಿ ಅವನ ನೆನಪಿಗೆ ಚರ್ಚಿನ ಗಾಯಕವೃಂದ ಹಾಡುವುದು, ಡೋಶಿಯಾ ಆ ಗೀತೆ ಎತ್ತಿಕೊಡುವುದು ನಡೆದೇ ಇತ್ತು.

ವೃಂದದ ಮುಖ್ಯಸ್ಥೆ ವರ್ನೆಲ್ ಟಾಲ್ಬರ್ಟ್ ಕಾಲೇಜಿನಲ್ಲಿ ಸಂಗೀತ ಓದಿದವಳು. ಒಂದು ಕಾಲಕ್ಕೆ ತನ್ನ ತಾಯಿಯನ್ನು ಕರಿಯಳೆಂದು ಮೇಲಂತಸ್ತಿನಲ್ಲಷ್ಟೇ ಕೂರಿಸುತ್ತಿದ್ದ ಪುರಭವನದಲ್ಲಿ, ಊರಿನ ದೊಡ್ಡ ವಾದ್ಯವೃಂದದ ಜೊತೆ ತನ್ನವರನ್ನು ನಿಲ್ಲಿಸಬೇಕೆಂಬುದು ಅವಳ ಹಂಬಲ. ಡೋಶಿಯಾಳಿಗೆ ವಯಸ್ಸಾದ ಮೇಲೆ ಒಂದು ವರ್ಷ, ಪಾಸ್ಟರ್ ನೆನಪಿನ ಕಛೇರಿಗೇ ಅದು ಕೈಗೂಡಿತು.

ಅಭ್ಯಾಸದಲ್ಲಿ ಡೋಶಿಯಾ ಮೊದಲ ಸಾಲು ಎತ್ತಿದಳು. ಪಿಟೀಲಿನವರು ಜೊತೆಗೆ ನುಡಿಸಿದರು, ಕಮಾನಿನ ಎಳೆತ ಮುಗಿಯಿತು, ಸಾಲು ಮುಗಿಯಲಿಲ್ಲ.

"ಮಿಸೆಸ್ ಮಾಬ್ರಿ, ಮೂರನೇ ಎಣಿಕೆಗೆ ಕೆಳಸ್ವರಕ್ಕೆ ಇಳಿಯೋಕಾಗುತ್ತಾ?" ಎಂದು ಕೇಳಿದ ವಾದ್ಯವೃಂದದ ನಿರ್ದೇಶಕ ಲಿಂಡ್‌ಕ್ವಿಸ್ಟ್.

"ಇಳೀತೀನಪ್ಪಾ, ದೇವರು ಇಳಿಸಿದಾಗ."

ಎಲ್ಲರೂ ನಕ್ಕರು. ಲಿಂಡ್‌ಕ್ವಿಸ್ಟನೂ ನಕ್ಕು, "ಇದೊಂದು ಹಾಡಿಗೆ ನಾವೇ ನುಡಿಸದೆ ಸುಮ್ಮನಿದ್ದುಬಿಡೋಣ" ಎಂದ. ನಗದಿದ್ದವಳು ವರ್ನೆಲ್ ಒಬ್ಬಳೇ. ಆ ಒರಟು ದನಿ ಆ ಹೊಳೆಯುವ ವಾದ್ಯಗಳ ಮುಂದೆ ಅವಳಿಗೆ ನಾಚಿಕೆ ತಂದಿತ್ತು.

ಭಾನುವಾರ ಚರ್ಚಿನ ಅಡುಗೆಮನೆಯಲ್ಲಿ ಡೋಶಿಯಾ ಗೆಣಸಿನ ಪೈ ಕೊಯ್ಯುತ್ತಿದ್ದಾಗ ವರ್ನೆಲ್, ಚರ್ಚಿನ ಹಿರಿಯ ಹೆಂಗಸರನ್ನು ಎಲ್ಲರೂ ಕರೆಯುವ ಹಾಗೆ ಕರೆದು, ಹೇಳಿಯೇಬಿಟ್ಟಳು: "ಮದರ್, ಈ ಸಲ ನೀವು ಮುಂದಿನ ಸಾಲಲ್ಲಿ ಆರಾಮಾಗಿ ಕೂತು ಕೇಳಿ."

"ಕೂರೋಕೆ ಮನೇಲೇ ಕುರ್ಚಿ ಇದೆಯಲ್ಲೇ. ಯಾಕೆ, ಪಿಟೀಲಿನೋರಿಗೆ ನನ್ನ ದನಿ ಹಿಡಿಸಲಿಲ್ವಾ?"

"ಅವರಿಗಲ್ಲ..." ಎಂದ ವರ್ನೆಲ್ ತಟ್ಟೆಗಳನ್ನು ಜೋಡಿಸತೊಡಗಿದಳು.

ಮುದುಕಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಒಂದು ದಪ್ಪ ತುಂಡು ಕೊಯ್ದು ತಟ್ಟೆಗಿಟ್ಟಳು. "ತಿನ್ನು. ಬಡಕಲಾಗಿದೀಯ."

ಪುರಭವನದ ಕಛೇರಿ, ಆ ಗೀತೆಯಿಲ್ಲದೆಯೇ, ಭರ್ಜರಿಯಾಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೇರಳೆ ಟೋಪಿಯ ಡೋಶಿಯಾಳೂ ಎದ್ದು ತಟ್ಟಿದಳು.

ಅಕ್ಟೋಬರಿನಲ್ಲಿ ಅವಳು ತೀರಿಕೊಂಡಳು. ಮಣ್ಣಿನ ದಿನ ಎತ್ತಿಕೊಡುವವರಿಲ್ಲದೆ ಆ ಗೀತೆ ಹಾಡಲಾಗಲಿಲ್ಲ. ಮುಂದಿನ ಮಾರ್ಚಿಗಾದರೂ ಹಾಡಿಸಬೇಕೆಂದು ವರ್ನೆಲ್ ಮನೆಮನೆಗೆ ಅಲೆದಳು. ಪದಗಳು ಪುಸ್ತಕದಲ್ಲಿದ್ದವು, ಡೋಶಿಯಾಳ ವರಸೆ ಯಾರಿಗೂ ಬಾರದು. "ನಾವು ಹಿಂದಿನಿಂದ ಹಾಡಿದೋರು ಕಣಮ್ಮಾ, ಎತ್ತಿದ್ದು ಅವಳೇ" ಎಂದರು ಎಲ್ಲರೂ. ಮಕ್ಕಳ ಪುಟ್ಟ ಹಾಡುಗಳಿಗೂ ಸ್ವರ ಬರೆದಿಟ್ಟಿದ್ದ ವರ್ನೆಲ್, ಇದನ್ನು ಒಂದು ದಿನವೂ ಬರೆದುಕೊಂಡಿರಲಿಲ್ಲ.

ಕೊನೆಗೆ ಮಾರ್ಚಿನಲ್ಲಿ, ಅದೇ ಪುರಭವನದ ವೇದಿಕೆಯಲ್ಲಿ, ಎತ್ತಿಕೊಡಲು ತಾನೇ ನಿಂತಳು. ವಾದ್ಯಗಳು ಮೌನವಾದವು. ಎರಡು ಸಾಲು ಹೇಗೋ ಬಂತು. ಮೂರನೆಯದಕ್ಕೆ ಅವಳ ಪಾದ ತನಗೆ ತಾನೇ ತಾಳ ಹಾಕತೊಡಗಿತು. ಹಾಡು ಶಾಲೆಯ ಪಾಠದಂತಾಯಿತು.

ಹೊರಗೆ ಮೆಟ್ಟಿಲ ಬಳಿ ಚರ್ಚಿನ ಹಿರಿಯ ಸೇವಕ ಡೀಕನ್ ರೂಫಸ್ ಕಾದಿದ್ದ. ಅಂದು ಜೈಲಿನಲ್ಲಿ ಪಾಸ್ಟರ್ ಜೊತೆ ಗಂಡಸರ ಕೋಣೆಯಲ್ಲಿದ್ದವರಲ್ಲಿ ಉಳಿದವನು ಅವನೊಬ್ಬನೇ.

"ಚೆನ್ನಾಗಿತ್ತು ಮಗಳೇ," ಎಂದ. ತಡೆದು, "ಆದ್ರೆ ಅದು ಅದಲ್ಲ."

"ಗೊತ್ತು ಡೀಕನ್. ಹಾಡಬೇಡಿ ಅಂದೋಳು ನಾನೇ."

"ಅವಳು ಹೇಳಿದ್ಲು ನಂಗೆ."

"ಬೈದ್ರಾ?"

"ಇಲ್ಲ. ಮತ್ತೆ ಹಾಡೋಕೆ ನೀನಾಗೇ ಕರೀತೀಯ ಅಂತ ಬೇಸಿಗೆಯೆಲ್ಲಾ ಕಾದ್ಲು."

ವರ್ನೆಲ್ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಒಳಗೆ ಪಿಟೀಲುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು.